ಹಿಂದೆ ನೀರು ಹಾಕುವವನು

"ಮೊಸರಿಗೆ ಹುಮನಾಬಾದಕ್ಕ ಯಾಕ ಹೋಗಬೇಕು?" ಎಂದು ಫೈಜಲ ಕೇಳಿದ. "ನಮ್ಮ ಮನ್ಯಾಗ ಎರಡು ಎಮ್ಮಿ ಹಿಂಡಾಕತ್ತಾವ."

ಸತೀಶಕುಮಾರ ಪಿಕಪ್ ಗಾಡಿಯ ಕನ್ನಡಿಯಲ್ಲಿ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ರುಮಾಲು ತೀರಿಹೋದ ಅಪ್ಪನದು. ಉಳಿದ ದಿನ ಅವನು ಟೀ ಶರ್ಟು ಹಾಕಿಕೊಂಡೇ ಹೊಲಕ್ಕೆ ಬರುತ್ತಿದ್ದ. ಪಟ್ಟಣದ ಅತಿಥಿಗಳು ಬರುವ ಭಾನುವಾರ ಮಾತ್ರ ರೈತನಂತೆ ಕಾಣಬೇಕಾಗುತ್ತಿತ್ತು.

"ಹೈದರಾಬಾದಿನ ಮಂದಿ ಅದಾರ. ಅವರಿಗೆ ಪ್ಯಾಕೆಟ್ ಮೊಸರೇ ಆಗಬೇಕು," ಎಂದ, ಕನ್ನಡಿಯಿಂದ ಕಣ್ಣು ತೆಗೆಯದೆ.

"ಅಂಬಲಿಗೆ ಪ್ಯಾಕೆಟ್ ಮೊಸರಾ?"

"ಹೂಂ."

"ಅವರು ಹೇಳ್ಯಾರೇನು?"

"ಎಲ್ಲಾ ಅವರೇ ಹೇಳಬೇಕೇನು? ನಾವ ತಿಳಕೋಬೇಕು."

ಫೈಜಲ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದ. ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಬಾವಿಕಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದ. ಅದರ ಕಡೆ ಒಮ್ಮೆ ನೋಡಿ, "ಮತ್ತೇನಾರ ಬೇಕಿದ್ರ ಈಗ ಹೇಳಿಬಿಡು," ಎಂದು ಗಾಡಿ ಹತ್ತಿದ.

"ಬೇಕಿದ್ರ ಫೋನ್ ಮಾಡ್ತೀನಿ."

ಗಾಡಿ ಹೆದ್ದಾರಿಯ ಕಡೆಗೆ ತಿರುಗಿದಾಗ ಸತೀಶನಿಗೆ ಮೊದಲು ಹಗುರವೆನಿಸಿತು. ನಾಚಿಕೆ ಆಮೇಲೆ ಬಂತು. ಆಮೇಲೆ ಬಂತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಜೋಳದ ದಂಟಿನ ಕೊಂಪಿಯ ಮುಂದೆ ಅವನ ತಾಯಿ ಸುಂದರಬಾಯಿ ಪೂಜೆಗಿಟ್ಟ ಐದು ಕಲ್ಲುಗಳಿಗೆ ಹೊಸದಾಗಿ ಸುಣ್ಣ ಹಚ್ಚುತ್ತಿದ್ದಳು. "ಅವನ್ನ ಯಾಕ ಕಳಿಸಿದಿ? ಚರಗ ಚೆಲ್ಲುವಾಗ ಹಿಂದ ನೀರು ಯಾರು ಹಾಕ್ತಾರ?"

"ಅಷ್ಟೊತ್ತಿಗೆ ಬರ್ತಾನ ಬಿಡವ್ವಾ."

ಬರುವುದಿಲ್ಲ, ಬರದ ಹಾಗೆ ತಾನು ನೋಡಿಕೊಳ್ಳುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ರಾಜೇಶ್ವರ ದಾಟಿ ಹುಮನಾಬಾದಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಒಳಗೆ ಒಂದು ಕಚ್ಚಾ ದಾರಿ ಇಳಿಯುತ್ತದೆ. ಅದರ ಕೊನೆಯಲ್ಲಿ ಇಬ್ಬರ ಹೊಲ ಒತ್ತೊತ್ತಿಗೆ. ನಡುವಿನ ಬದುವಿನ ಮೇಲೆ ಒಂದೇ ಬಾವಿ. ಸತೀಶ ಕೃಷಿಯಲ್ಲಿ ಎಂಎಸ್ಸಿ ಮಾಡಿದವನು. ಅಧಿಕಾರಿಯಾಗುವ ಪರೀಕ್ಷೆ ಬರೆದೂ ಬರೆದೂ ಸಾಕಾಗಿ ಊರಿಗೆ ಬಂದಿದ್ದ. ಬಸವಕಲ್ಯಾಣದಲ್ಲಿ ಬಿಕಾಂ ಮಾಡಿದ ಫೈಜಲ ಅಲ್ಲೇ ಒಂದು ದಲಾಲಿಯ ಅಡತಿ ಅಂಗಡಿಯಲ್ಲಿ ಕೂತು, ತಾವು ಬೆಳೆದ ತೊಗರಿ ಯಾರ ಯಾರ ಚೀಲ ಹೊಕ್ಕು ಹೋಗುತ್ತದೆಂದು ನೋಡಿದ್ದ. "ನಮ್ಮ ಬ್ಯಾಳಿ ನಾವೇ ಮಾರೋಣ. ಬೇಕಾದವರು ಹೊಲಕ್ಕೇ ಬಂದು ಉಂಡು ಹೋಗಲಿ," ಎಂದವನು ಅವನೇ. ಇಬ್ಬರೂ ಕೂಡಿ ಕಟ್ಟಿದ ಕಂಪನಿಗೆ 'ಎರಡು ಹೊಲ' ಎಂದು ಹೆಸರಿಟ್ಟವನೂ ಅವನೇ. ಪತ್ರಿಕೆಯವರು ಬಂದಾಗ ಮಾತಾಡಿದವನು ಮಾತ್ರ ಸತೀಶ.

ಹೊಲಕ್ಕೆ ಉಣಿಸುವ ಹಬ್ಬ ಎಳ್ಳಮಾಸಿ ಶುಕ್ರವಾರವೇ ಮುಗಿದಿತ್ತು. ಅತಿಥಿಗಳಿಗೆ ಶುಕ್ರವಾರ ರಜೆ ಇರಲಿಲ್ಲ. ಭಾನುವಾರ ಇನ್ನೊಮ್ಮೆ ಮಾಡಿ ತೋರಿಸಲು ಆದೀತೇ ಎಂದು ಕೇಳಿದ್ದರು. ಆಗಲಿ ಎಂದು ಸತೀಶ ಒಪ್ಪಿದ್ದ. ಅಮಾವಾಸ್ಯೆಯನ್ನು ಎರಡು ದಿನ ಮುಂದೂಡುವುದು ಇಷ್ಟು ಸುಲಭವೆಂದು ಅವನಿಗೂ ಗೊತ್ತಿರಲಿಲ್ಲ. "ಅಮಾಸಿ ಎರಡೆರಡು ಸಲ ಬರ್ತದೇನಪಾ?" ಎಂದು ಗೊಣಗಿದ ಸುಂದರಬಾಯಿಯೇ ನಸುಕಿನಲ್ಲಿ ಎದ್ದು ಸಜ್ಜೆ ರೊಟ್ಟಿ ಬಡಿದಿದ್ದಳು, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿ ಭಜ್ಜಿ ಕುದಿಸಿದ್ದಳು.

ಅವರ ಹೊಲದಲ್ಲಿ ಚರಗ ಚೆಲ್ಲುವುದಕ್ಕೆ ಇಬ್ಬರು ಬೇಕು. ಮುಂದಿನವನು ಬುಟ್ಟಿಯಲ್ಲಿರುವ ಅಡುಗೆಯನ್ನು ಮುಷ್ಟಿ ಮುಷ್ಟಿಯಾಗಿ ಭೂಮಿಗೆ ಚೆಲ್ಲುತ್ತ "ಓಲಗ್ಯಾ ಓಲಗ್ಯಾ" ಎಂದು ಕೂಗಬೇಕು. ಹಿಂದಿನವನು ಬಿದ್ದ ಅನ್ನದ ಮೇಲೆ ತಂಬಿಗೆಯ ನೀರು ಚಿಮುಕಿಸುತ್ತ "ಸಾಲೋಂ ಪಲಗ್ಯಾ" ಎಂದು ಓಗೊಡಬೇಕು. ಅದರ ಅರ್ಥ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಯೂ ಇಲ್ಲ. ಅಪ್ಪ ಇದ್ದಾಗ ಅಪ್ಪ ಮುಂದೆ, ಫೈಜಲನ ಅಪ್ಪ ಮಹೆಬೂಬ ಹಿಂದೆ. ಬಾವಿ ಒಂದೇ ಆದದ್ದರಿಂದ ಚರಗವೂ ಒಂದೇ. ಎರಡೂ ಹೊಲ ಸುತ್ತಿ ಬರುತ್ತಿದ್ದರು. ಅಪ್ಪ ಹೋದ ಮೇಲೆ ಸತೀಶ ಮುಂದೆ, ಫೈಜಲ ಹಿಂದೆ. ಮೊನ್ನೆ ಶುಕ್ರವಾರವೂ ಹಾಗೆಯೇ ಆಗಿತ್ತು.

ಆ ವಿಡಿಯೋವನ್ನು ಫೈಜಲ ಕಂಪನಿಯ ಪೇಜಿಗೆ ಹಾಕಿದ್ದ. ಸಂಜೆಯೊಳಗೆ ಹೊಗಳಿಕೆ ತುಂಬಿತು. ನಡುವೆ ಒಂದು ಸಾಲು ಇತ್ತು. 'ಹಿಂದೆ ನೀರು ಹಾಕುತ್ತಿರುವವನ ಹೆಸರೇನು?' ಅಷ್ಟೇ. ಬರೆದವನ ಮುಖದ ಜಾಗದಲ್ಲಿ ಒಂದು ಗುಲಾಬಿ ಹೂವು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಕೆಳಗೆ ಹೆಸರು ಬರೆದಿದ್ದರೆ ಮುಗಿಯುತ್ತಿತ್ತು. ಸತೀಶ ವಿಡಿಯೋವನ್ನೇ ಅಳಿಸಿಹಾಕಿದ.

"ವಿಡಿಯೋ ಕಾಣವಲ್ದಲ್ಲ?" ಎಂದು ಮರುದಿನ ಫೈಜಲ ಕೇಳಿದ್ದ.

"ನೆಟ್‌ವರ್ಕ್ ಇರಬೇಕು."

"ಇರಬೇಕು," ಎಂದಿದ್ದ ಫೈಜಲ. ಆಮೇಲೆ ಆ ಮಾತು ಎತ್ತಿರಲಿಲ್ಲ. ಇಂದಿನ ಅತಿಥಿಗಳ ಬಗ್ಗೆ ಹೇಳಿದ್ದ. ಅವರ ಹಿರಿಯರು ಮಹಾರುದ್ರಪ್ಪ, ಬ್ಯಾಂಕಿನಿಂದ ನಿವೃತ್ತರಾದವರು, ಮೂಲ ಗೋರ್ಟಾದವರು. ರಜಾಕಾರರ ಪಡೆ ಆ ಊರಿನ ಹಿಂದೂಗಳನ್ನು ಕೊಂದಾಗ ಅವರ ಮುತ್ಯಾ, ಅಪ್ಪನ ಅಪ್ಪ, ಸತ್ತರಂತೆ. ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು ಎಂದೂ ಹೇಳಿದ್ದ. ಸತೀಶ ಗೋರ್ಟಾ ಎಂಬಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದ. ಗುಲಾಬಿ ಹೂವನ್ನೂ ಗೋರ್ಟಾವನ್ನೂ ಕೂಡಿಸಿ ಲೆಕ್ಕ ಹಾಕಿದ. ಅತಿಥಿಗಳು ಏನೂ ಕೇಳಿರಲಿಲ್ಲ. ಕೇಳುವ ಮೊದಲೇ ಅವನು ಉತ್ತರ ಕೊಟ್ಟಾಗಿತ್ತು.

ಮಿನಿಬಸ್ಸು ಬಂತು. ಹೆಂಗಸರು ತಂಪು ಕನ್ನಡಕ ಹಾಕಿಕೊಂಡು ಇಳಿದರು. ಮಕ್ಕಳು ಕಡಲೆ ಗಿಡ ನೋಡಿ ಇದೇನು ಕೊತ್ತಂಬರಿಯೋ ಎಂದು ಕೇಳಿದವು. ಕೊನೆಗೆ ಇಳಿದ ಮಹಾರುದ್ರಪ್ಪನವರು ಶೂ ಬಿಚ್ಚಿ, ಮಣ್ಣಿನ ಹೆಂಟೆಯೊಂದನ್ನು ಎತ್ತಿ ಮೂಸಿ ನೋಡಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. ಅವರ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು.

ಸತೀಶ ಭಾಷಣ ಮಾಡಿದ. ಯುವಕರು ಮಣ್ಣಿಗೆ ಮರಳಬೇಕು, ಹೊಲವೇ ನನ್ನ ಆಫೀಸು ಎಂದ. ಬೇಳೆ ಪ್ಯಾಕೆಟ್ಟು ಮಾಡುವ ಯೋಚನೆ ನನಗೆ ಹೊಳೆದಾಗ ಎಂದೂ ಅಂದುಬಿಟ್ಟ. ಬಾಯಿಂದ ಹೊರಬಿದ್ದ ಮೇಲೆ ಅದು ತನಗೆ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ತಾಯಿ ತನ್ನ ಮಗನ ತಲೆಯನ್ನು ಫೋನಿನಿಂದ ಎತ್ತಿ, ಇಂಥವರನ್ನು ನೋಡಿ ಕಲಿ ಎಂದಳು. ಆ ಹುಡುಗ ನೋಡಿದ. ಸತೀಶ ದೃಷ್ಟಿ ತಪ್ಪಿಸಿದ.

"ಎರಡು ಹೊಲ ಅಂದ್ರ ಏನ್ರಿ?" ಪ್ಯಾಕೆಟ್ಟಿನ ಮೇಲಿನ ಹೆಸರು ಓದಿ ಯಾರೋ ಕೇಳಿದರು.

"ಮುಂಗಾರಿ ಒಂದು, ಹಿಂಗಾರಿ ಒಂದು," ಎಂದ ಸತೀಶ. ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇತ್ತು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಾಗಿ ಅವನ ಕಿವಿ ಬಿಸಿಯಾಯಿತು.

ಫೋನು ಅಲುಗಿತು. ಫೈಜಲ. "ಮೊಸರು ತಗೊಂಡೆ. ಹೊಂಡ್ತೀನಿ."

ಸತೀಶ ತೊಗರಿ ಸಾಲಿನ ಮರೆಗೆ ಸರಿದ. "ಬಾಳಿಹಣ್ಣೂ ಬೇಕಾಗಿತ್ತು."

"ಸುಂದರಬಾಯಿ ಕಾಕು ಮುಂಜಾನೆ ಎರಡು ಡಜನ್ ತಂದಿಟ್ಟಾಳ."

"ಸಾಲಂಗಿಲ್ಲ. ಮತ್ತ ಪೇಪರ್ ಪ್ಲೇಟು. ದೊಡ್ಡವು."

ಆ ಕಡೆ ಬಸ್ಸಿನ ಹಾರ್ನು, ಯಾರೋ ಹಣ್ಣು ಕೂಗಿ ಮಾರುವ ಸದ್ದು. ಆಮೇಲೆ ಫೈಜಲನ ದನಿ ಮೆತ್ತಗೆ ಬಂತು. ಅದರಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಸತೀಶ, ಸಾಮಾನು ಬ್ಯಾಡ. ಎಷ್ಟೊತ್ತಿಗೆ ಬರಲಿ, ಅದನ್ನ ಹೇಳು."

"ಹಂಗಲ್ಲೋ…"

"ಹೇಳು. ಆ ಹೊತ್ತಿಗೇ ಬರ್ತೀನಿ."

"ಊಟ ಆದ ಮ್ಯಾಲ," ಎಂದ ಸತೀಶ. ಹೇಳಿದ್ದು ತಾನೇನಾ ಎಂದು ಫೋನು ನೋಡಿದ. ಅದು ಆರಿತ್ತು.

ಹಿಂದಿನಿಂದ ಮಹಾರುದ್ರಪ್ಪನವರು ಬಂದರು. "ಯಜಮಾನ್ರ, ನಿಮ್ಮ ಪಾರ್ಟ್ನರ್ ಎಲ್ಲಿ? ಫೈಜಲ? ಫೋನಿನ್ಯಾಗ ಎಷ್ಟು ಛಂದ ಮಾತಾಡಿದನ್ರಿ ಹುಡುಗ. ನಮ್ಮೂರ ಕನ್ನಡ ಕೇಳಿ ಎಷ್ಟು ವರ್ಷ ಆಗಿತ್ತು. ಅವನಿಗಂತ ಇದನ್ನ ತಂದೀನಿ." ಡಬ್ಬಿ ಎತ್ತಿ ತೋರಿಸಿದರು.

ಸತೀಶ ಅವನನ್ನು ಹುಮನಾಬಾದಿಗೆ ಕಳಿಸಿದ್ದೇನೆ ಎನ್ನಬಹುದಿತ್ತು. ಈಗಲೇ ಫೋನು ಮಾಡಿ ಬಾ ಎನ್ನಬಹುದಿತ್ತು. ಇನ್ನೂ ಹೊತ್ತು ಇತ್ತು. ಆದರೆ ಬಾ ಎಂದರೆ ಯಾಕೆ ಹೋಗು ಎಂದದ್ದು ಎಂಬುದಕ್ಕೂ ಉತ್ತರ ಬೇಕಾಗುತ್ತಿತ್ತು.

"ಅವರ ಅಪ್ಪಗ ಆರಾಮಿಲ್ರಿ," ಎಂದ.

"ಅಯ್ಯೋ, ಏನಾಗ್ಯಾದ್ರಿ?"

"ಕೆಮ್ಮು. ಜ್ವರ. ದವಾಖಾನಿಗೆ ಹೋಗ್ಯಾರ."

"ಛೇ. ಅವನೇ ಹಿಂದ ನೀರು ಹಾಕ್ತಾನಂತ ಹೇಳಿದ್ದ. ಅದನ್ನ ನೋಡಬೇಕಂತಲೇ ಬಂದೆ ನಾ." ಮಹಾರುದ್ರಪ್ಪನವರು ತೊಗರಿಯ ಕಾಯಿಯೊಂದನ್ನು ಸುಲಿದು ಕಾಳನ್ನು ಬಾಯಿಗೆ ಹಾಕಿಕೊಂಡರು. "ನಮ್ಮ ಹೊಲದಾಗೂ ಅಮೀರ ಅಂತ ಇದ್ದ. ಮುತ್ಯಾನ ಹಿಂದ ನೀರು ಹಾಕ್ತಿದ್ದವ ಅವನೇ. ಆ ಗಲಾಟಿಯೊಳಗ ಮುತ್ಯಾ ಹೋದ. ಮರುವರ್ಷ ಎಳ್ಳಮಾಸಿಗೆ ಅಪ್ಪ ಬುಟ್ಟಿ ಹಿಡಕೊಂಡು ಹೊಂಟ್ರ, ಅಮೀರ ತಂಬಿಗಿ ಹಿಡಕೊಂಡು ದೂರ ನಿಂತಿದ್ದನಂತ. ಬರಲೋ ಬ್ಯಾಡೋ ಅಂತ. ಬಾರಲೇ, ಅನ್ನ ಒಣಗಾಕತ್ತದ ಅಂದನಂತ ಅಪ್ಪ."

ಅವರು ನಕ್ಕರು. ಸತೀಶನೂ ನಗಬೇಕಾಯಿತು.

ಅದೇ ಹೊತ್ತಿಗೆ ಬದುವಿನ ಆಚೆಯಿಂದ ಮಹೆಬೂಬ ಬಂದ. ಹೆಗಲ ಮೇಲೆ ಹಸಿ ಕಡಲೆ ಗಿಡದ ಹೊರೆ. ಎಂದಿನಂತೆ ದೂರದಿಂದಲೇ ಕೂಗಿ ಮಾತಾಡುತ್ತ ಬಂದ. "ಸುಂದರಬಾಯಿ, ಹುಡುಗರಿಗೆ ತಿನ್ನಾಕ ಸುಲಗಾಯಿ ತಂದೀನಿ! ಸುಡಾಕ ಬೆಂಕಿ ಹಚ್ಚು!" ಗಟ್ಟಿ ದನಿ, ಗಟ್ಟಿ ಹೆಜ್ಜೆ. ಹೊರೆ ಇಳಿಸಿ ಅತಿಥಿಗಳಿಗೆ ಕೈ ಎತ್ತಿ ಮುಗಿದ.

"ಇವರು ಯಾರು?" ಎಂದು ಮಹಾರುದ್ರಪ್ಪನವರು ಕೇಳಿದರು.

ಸತೀಶ ಬಾಯಿ ತೆರೆಯುವುದರೊಳಗೆ ಮುದುಕನೇ ಹೇಳಿದ. "ನಾ ಮಹೆಬೂಬ್ರಿ. ಫೈಜಲನ ಅಪ್ಪ."

"ಹೌದಾ! ನಿಮಗ ಆರಾಮಿಲ್ಲ, ದವಾಖಾನಿಗೆ ಹೋಗೀರಂತ ಈಗರೆ ಅಂದ್ರು?"

ಸುಂದರಬಾಯಿ ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡುವುದನ್ನು ನಿಲ್ಲಿಸಿದಳು. ಮಹೆಬೂಬ ಸತೀಶನ ಮುಖ ನೋಡಿದ. ಬಾವಿಕಟ್ಟೆಯ ಮೇಲೆ ಬೋರಲು ಬಿದ್ದಿದ್ದ ತಂಬಿಗೆ ನೋಡಿದ. ಗಾಡಿ ಇಲ್ಲದ ಖಾಲಿ ಜಾಗ ನೋಡಿದ. ಮತ್ತೆ ಸತೀಶನ ಮುಖಕ್ಕೆ ಬಂದ.

"ಹೌದ್ರಿ," ಎಂದ. ದನಿ ತಗ್ಗಿತ್ತು. "ಎರಡು ದಿನ ಆತ್ರಿ. ಈಗ ತುಸು ಬೇಸ್ ಅದ."

ಹೇಳಿ, ಮುಷ್ಟಿಯನ್ನು ಬಾಯಿಗೆ ಹಿಡಿದು ಕೆಮ್ಮಿದ. ಮೊದಲ ಕೆಮ್ಮು ನಾಟಕದ ಕೆಮ್ಮಿನಂತಿತ್ತು. ಎರಡನೆಯದನ್ನು ಇನ್ನೂ ಚೆನ್ನಾಗಿ ಕೆಮ್ಮಿದ. ಒಬ್ಬ ಹೆಂಗಸು ನೀರಿನ ಬಾಟಲಿ ತಂದುಕೊಟ್ಟಳು. ಮಹೆಬೂಬ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ.

"ಬಿಸಿಲಾಗ ಓಡಾಡಬ್ಯಾಡ್ರಿ ನೀವು. ಮನ್ಯಾಗ ಮಲಕೋರಿ," ಎಂದರು ಮಹಾರುದ್ರಪ್ಪನವರು.

"ಹೊಂಟೀನ್ರಿ."

"ಊಟ ಮಾಡ್ಕೊಂಡು ಹೋಗು ಮಹೆಬೂಬಣ್ಣ," ಎಂದಳು ಸುಂದರಬಾಯಿ. ಎಳ್ಳಮಾಸಿಯ ದಿನ ಹೊಲಕ್ಕೆ ಕಾಲಿಟ್ಟವರನ್ನು ಉಣ್ಣಿಸದೆ ಕಳಿಸಿದ್ದು ಆಕೆಗೆ ನೆನಪಿರಲಿಲ್ಲ. ಅವಳ ದನಿಯಲ್ಲಿ ಬೇಡಿಕೆ ಇತ್ತು.

"ಬಾಯಿ ಕೆಟ್ಟದವಾ. ರುಚಿ ಹತ್ತಂಗಿಲ್ಲ," ಎಂದು ಮಹೆಬೂಬ ಹೊರಟ. ಬರುವಾಗ ದಾಟಿದ ಬದುವನ್ನು ಹೋಗುವಾಗ ಒಂದು ಕೈ ಮೊಣಕಾಲಿಗೆ ಊರಿ ನಿಧಾನವಾಗಿ ಏರಿದ. ಯಾರಾದರೂ ನೋಡುತ್ತಿರಬಹುದು ಎಂದು. ಸತೀಶ ನೋಡುತ್ತಿದ್ದ. ಕೂಗಿ ಕರೆಯಬೇಕು ಎನಿಸಿತು. ಚಾಚಾ, ಬಾ, ತಂಬಿಗೆ ಹಿಡಿ ಎಂದರೆ ಸಾಕಿತ್ತು. ಆದರೆ ಜ್ವರದ ಮುದುಕನನ್ನು ಬಿಸಿಲಲ್ಲಿ ನಡೆಸುವುದು ಹೇಗೆ? ತನ್ನ ಸುಳ್ಳನ್ನು ತಾನೇ ನಂಬಿದವನಂತೆ ಅವನು ಬಾಯಿ ಮುಚ್ಚಿಕೊಂಡ.

ಪೂಜೆಯಾಯಿತು. ಅತಿಥಿಗಳು ಸಾಲಾಗಿ ನಿಂತು ಫೋನು ಎತ್ತಿ ಹಿಡಿದರು. ಸತೀಶ ಅಡುಗೆಯ ಬುಟ್ಟಿ ಎತ್ತಿಕೊಂಡ. ತಾಯಿಯ ಕಡೆ ನೋಡಿದ.

"ನೀರು ನೀನಾರ ಹಾಕವ್ವಾ."

"ನನ್ನ ಕೈಲೆ ಆಗಂಗಿಲ್ಲ," ಎಂದಳು ಸುಂದರಬಾಯಿ. ಕೊಂಪಿಯ ಒಳಗೆ ಹೋಗಿ ಬೆನ್ನು ತಿರುಗಿಸಿ ಕುಳಿತಳು.

"ನಾ ಹಾಕ್ಲೇನು?" ಎಂದರು ಮಹಾರುದ್ರಪ್ಪನವರು. ಕೂಡಲೇ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡು, "ಹೆಂಟ್ಯಾಗ ನಡಿಯಾಕ ಆಗಂಗಿಲ್ಲ ಬಿಡ್ರಿ," ಎಂದು ಹಿಂದೆ ಸರಿದರು.

ಬೇರೆ ದಾರಿ ಇರಲಿಲ್ಲ. ಸತೀಶ ಎಡಗೈಯಲ್ಲಿ ತಂಬಿಗೆ, ಬಲಗಂಕುಳಲ್ಲಿ ಬುಟ್ಟಿ ಹಿಡಿದು ಹೊರಟ. ಚೆಲ್ಲಿದರೆ ತಂಬಿಗೆ ತುಳುಕಿತು, ನೀರು ಹಾಕಲು ಹೋದರೆ ಬುಟ್ಟಿ ಜಾರಿತು. ಬುಟ್ಟಿ ಕೆಳಗಿಟ್ಟು, ಹಿಂದಕ್ಕೆ ಬಂದು, ನೀರು ಚಿಮುಕಿಸಿ, ಮತ್ತೆ ಮುಂದೆ ಹೋಗಿ ಬುಟ್ಟಿ ಎತ್ತಿಕೊಂಡ. "ಓಲಗ್ಯಾ ಓಲಗ್ಯಾ" ಎಂದು ಕೂಗಿದ. ಉತ್ತರ ಬರಲಿಲ್ಲ. ಮಕ್ಕಳು ನಕ್ಕವು. ಅವನು ದನಿ ಬದಲಿಸಿ, "ಸಾಲೋಂ ಪಲಗ್ಯಾ" ಎಂದು ತಾನೇ ಓಗೊಟ್ಟ. ಆ ದನಿ ಫೈಜಲನ ದನಿಯಂತೆ ಇರಲಿ ಎಂದು ದಪ್ಪ ಮಾಡಿದ್ದನೆಂಬುದು ಕೂಗಿದ ಮೇಲೆ ತಿಳಿಯಿತು.

ಬಾವಿಯ ಹತ್ತಿರ ಬಂದ. ಇಲ್ಲಿಂದ ಬದು ದಾಟಿ ಆ ಹೊಲಕ್ಕೆ ಹೋಗಬೇಕು. ಅಲ್ಲಿ ಮನೆಯ ಕಟ್ಟೆಯ ಮೇಲೆ ಮಹೆಬೂಬ ಕಂಬಳಿ ಹೊದ್ದು ಕುಳಿತಿದ್ದ. ಮಧ್ಯಾಹ್ನದ ಬಿಸಿಲಲ್ಲಿ, ಕಂಬಳಿ. ಸತೀಶ ಬದುವಿನ ಈಚೆಗೇ ತಿರುಗಿದ. ಅತಿಥಿಗಳಿಗೆ ಅಲ್ಲಿಗೆ ಹೊಲ ಮುಗಿಯಿತು ಎನಿಸಿತು.

ಎಲ್ಲರೂ ಬೆರಳು ನೆಕ್ಕಿಕೊಂಡು ಉಂಡರು. ಬೇಳೆಯ ಪ್ಯಾಕೆಟ್ಟು ಒಂದೂ ಉಳಿಯಲಿಲ್ಲ. ಸಂಜೆ ಹೊರಡುವಾಗ ಮಹಾರುದ್ರಪ್ಪನವರು ಸತೀಶನ ಎರಡೂ ಕೈ ಹಿಡಿದು, ಬಿಸ್ಕತ್ತಿನ ಡಬ್ಬಿ ಕೊಟ್ಟು, "ಮುದುಕರ ಕಡೆ ಲಕ್ಷ್ಯ ಇಡ್ರಿ," ಎಂದರು. ಸತೀಶ "ಹೂನ್ರಿ" ಎಂದ.

ಬಸ್ಸು ಹೋಗಿ ಧೂಳು ಕೂತ ಮೇಲೆ ಪಿಕಪ್ಪು ಬಂತು. ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿಕೊಂಡು ಬಸ್ಸು ಹೋಗುವುದನ್ನೇ ಕಾಯುತ್ತಿದ್ದಿರಬೇಕು. ಫೈಜಲ ಇಳಿದು ಮೊಸರಿನ ಚೀಲ, ಬಾಳೆಹಣ್ಣು, ಪ್ಲೇಟುಗಳನ್ನು ಒಂದೊಂದಾಗಿ ಇಳಿಸಿದ. ಎಲ್ಲ ಸರಿಯಾಗಿ ತಂದಿದ್ದ. ಜುಬ್ಬಾ ಬೆವರಿಗೆ ಬೆನ್ನಿಗೆ ಅಂಟಿತ್ತು.

"ಊಟ ಮಾಡು ಬಾ," ಎಂದ ಸತೀಶ.

"ಆಗ್ಯಾದ."

"ಎಲ್ಲಿ?"

"ಹುಮನಾಬಾದಾಗ. ಹೋಟೆಲ್ ಇಲ್ಲೇನು ಅಲ್ಲಿ?"

ಕೊಂಪಿಯ ಬಾಗಿಲಲ್ಲಿ ಬಡಿಸಿದ ತಾಟು ಹಿಡಿದು ನಿಂತಿದ್ದ ಸುಂದರಬಾಯಿ ಅದನ್ನು ಹಾಗೆಯೇ ಒಳಗೆ ಒಯ್ದಳು. ಸತೀಶ ಡಬ್ಬಿ ಮುಂದೆ ಚಾಚಿದ. "ಅವರು ನಿನಗಂತ ತಂದಿದ್ರು."

"ನನಗಾ? ನನ್ನ ಕೇಳಿದ್ರೇನು?"

"ಹೂಂ."

ಫೈಜಲ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮೇಲೆ ಅವನ ಹೆಸರು ಬರೆದಿತ್ತು. ಅವನ ಮುಖದಲ್ಲಿ ಇಷ್ಟು ಹೊತ್ತು ಇದ್ದದ್ದೇನೋ ಆಗ ಹೋಯಿತು. ಅತಿಥಿಗಳಿಗೆ ಬೇಡವಾಗಿತ್ತು, ಸತೀಶ ಪಾಪ ಏನು ಮಾಡಿಯಾನು ಎಂದುಕೊಂಡು ಅವನು ದಿನವಿಡೀ ಹುಮನಾಬಾದಿನಲ್ಲಿ ತಿರುಗಿರಬೇಕು. ಆ ಆಧಾರವೂ ಈಗ ಉಳಿಯಲಿಲ್ಲ.

"ನಮ್ಮ ಅಬ್ಬಾ ಫೋನ್ ಮಾಡಿದ್ದ," ಎಂದ. "ಬರ್ತಾ ಔಷಧ ಹಿಡಕೊಂಡು ಬಾ ಅಂದ. ಯಾರಾದ್ರೂ ಕೇಳಿದ್ರ ತೋರಸಾಕ. ಸತೀಶನ ಮಾತು ಸುಳ್ಳಾಗಬಾರದು ಅಂದ." ಜುಬ್ಬಾದ ಕಿಸೆಯಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದು ಬಾಳೆಹಣ್ಣಿನ ಪಕ್ಕದಲ್ಲಿ ಇಟ್ಟ. "ಇದೂ ಕಂಪನಿ ಖರ್ಚಿನ್ಯಾಗ ಬರಕೋ."

"ಫೈಜಲ, ನಾ…"

"ಬಸ್ಸಿನ್ಯಾಗಿಂದಲೇ ಯಾರೋ ನಮ್ಮ ಪೇಜಿಗೆ ವಿಡಿಯೋ ಕಳಿಸ್ಯಾರ. ಚರಗದ್ದು. ಹಾಕ್ಲೇನು?"

ಸತೀಶ ಔಷಧದ ಬಾಟಲಿಯ ಮೇಲಿನ ಚೀಟಿ ನೋಡುತ್ತ ನಿಂತ.

"ಹಾಕ್ತೀನಿ. ಇದರ ಕೆಳಗ ಯಾರೂ ಹೆಸರು ಕೇಳಂಗಿಲ್ಲ."

ಫೈಜಲ ಗಾಡಿಯೊಳಗೆ ಕೂತು ಬಾಗಿಲು ಎಳೆದುಕೊಂಡ. ಗಾಜು ಏರಿತು. ಹೊತ್ತು ಮುಳುಗುತ್ತಿತ್ತು, ಒಳಗೆ ಫೋನಿನ ಬೆಳಕು ಅವನ ಗದ್ದದ ಮೇಲೆ ಬಿದ್ದಿತ್ತು. ಗಾಜಿನ ಹಿಂದಿನಿಂದ ಮಂಕಾಗಿ ಒಂದು ದನಿ ಬಂತು. ಓಲಗ್ಯಾ ಓಲಗ್ಯಾ. ಸ್ವಲ್ಪ ತಡೆದು, ಅದೇ ದನಿ ದಪ್ಪವಾಗಿ, ಸಾಲೋಂ ಪಲಗ್ಯಾ. ಮಕ್ಕಳ ನಗು. ವಿಡಿಯೋ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ಸತೀಶ ಗಾಜಿನ ಹತ್ತಿರ ಹೋದ. ತಟ್ಟಬೇಕೆಂದು ಕೈ ಎತ್ತಿದ. ಆ ಪುಟ್ಟ ಪರದೆಯಲ್ಲಿ ದೊಡ್ಡ ರುಮಾಲಿನವನೊಬ್ಬ ಅನ್ನ ಚೆಲ್ಲಿ, ಬುಟ್ಟಿ ಕೆಳಗಿಟ್ಟು, ಹಿಂದಕ್ಕೆ ಓಡಿ ತನ್ನ ಹೆಜ್ಜೆಗಳ ಮೇಲೆಯೇ ನೀರು ಹಾಕಿ, ಮತ್ತೆ ಮುಂದಕ್ಕೆ ಓಡಿ ಬುಟ್ಟಿ ಎತ್ತಿಕೊಳ್ಳುತ್ತಿದ್ದ. ಅವನು ಮುಗಿಸಲಿ ಎಂದು ಸತೀಶ ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಕಾದ. ಅವನು ಮುಗಿಸಲಿಲ್ಲ.